ಬಾಣಂತಿ ಕೋಣೆಯ ತೊಲೆ

೮ ಮೇ ೧೯೭೮, ಸೋಮವಾರ

ಸಂಜೆ ಏಳು ಗಂಟೆ. ಅತ್ತೆ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಾರೆ. ಇವತ್ತು ಕಚೇರಿಯಲ್ಲಿ ಬೆಳಗಿನಿಂದ ಹಳೆಯ ಕಾಗದಗಳಿಗೆ ನಂಬರು ಹಾಕಿದೆ. ಮಧ್ಯಾಹ್ನ ಹೊಸ ಸಾಹೇಬರು ಎಲ್ಲರನ್ನೂ ಕರೆದು ಒಂದು ಹುಕುಂ ಹೇಳಿದರು. ಆಮೇಲೆ ನನ್ನ ಕೈಗೆ ಕೆಲಸ ಹತ್ತಲಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಸರ್ಕಾರಿ ಕಟ್ಟಡಗಳ ದುರಸ್ತಿಯ ಕಾಗದವೆಲ್ಲ ನಮ್ಮ ಕಚೇರಿಯಿಂದ ಹೋಗುತ್ತದೆ. ಆದರೆ ಆ ಕಾಗದ ಬರೆಯುವವರು ಒಬ್ಬರೂ ಆ ಕಟ್ಟಡ ಕಂಡಿಲ್ಲ ಎಂಬುದು ಸಾಹೇಬರ ಸಿಟ್ಟು. ಅವರು ಮೈಸೂರು ಕಡೆಯವರು, ಮಾತು ಮೆತ್ತಗೆ, ಹೇಳಿದ್ದನ್ನು ಬಿಡುವವರಲ್ಲ. "ಇನ್ನು ಮೇಲೆ ವಾರಕ್ಕೊಂದು ದಿನ ಎಲ್ಲರೂ ಸ್ಥಳಕ್ಕೆ ಬರಬೇಕು. ಗೋಡೆ ಮುಟ್ಟಬೇಕು, ಮಾಳಿಗೆ ಹತ್ತಬೇಕು. ಗುಮಾಸ್ತರು, ಟೈಪಿಸ್ಟು, ಎಲ್ಲರೂ" ಎಂದರು. ಆಮೇಲೆ ನನ್ನ ಕಡೆ ನೋಡಿ, "ನೀವೂ ಅಮ್ಮ" ಎಂದರು.

ಹೊರಗೆ ಬಂದ ಮೇಲೆ ಹೆಡ್ ಕ್ಲಾರ್ಕ್ ವೆಂಕಣ್ಣನವರು ತಮ್ಮ ಹೊಟ್ಟೆ ತಟ್ಟಿಕೊಂಡು, "ನನಗ ಏಣಿ ಸಾಲಂಗಿಲ್ಲ, ಬಾವಿ ರಾಟಿ ಕಟ್ಟಿ ಎಳಿಬೇಕು" ಎಂದರು. ಎಲ್ಲರೂ ನಕ್ಕರು. ನಾನು ನಗುವಂತೆ ಮಾಡಿದೆ.

ನಮ್ಮ ಯಜಮಾನರು ತೀರಿಕೊಂಡು ವರ್ಷದ ಮೇಲಾಯಿತು. ಕಾಮಾಲೆ ಎಂದು ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಅವರ ಕೆಲಸ ನನಗೆ ಕೊಟ್ಟರು, ಅವರ ಮೇಜನ್ನೇ ಕೊಟ್ಟರು. ಅವರ ಕುರ್ಚಿಯಲ್ಲಿ ಕೂರಲು ಇವತ್ತಿಗೂ ಆಗಿಲ್ಲ. ಸ್ಟೂಲು ಎಳೆದುಕೊಂಡು ಕೂರುತ್ತೇನೆ, ಕುರ್ಚಿ ಪಕ್ಕದಲ್ಲಿ ಖಾಲಿ ಇರುತ್ತದೆ. ಬಲಗಡೆಯ ತೋಳು ಅವರು ಕೈ ಊರಿ ಊರಿ ನುಣುಪಾಗಿದೆ. ಅವರು ಹೀಗೆ ಬರೆಯುತ್ತಿದ್ದರೇ, ಅವರು ಹೀಗೆ ಮಡಿಸುತ್ತಿದ್ದರೇ ಎಂದುಕೊಂಡೇ ಪ್ರತಿಯೊಂದು ಕಾಗದ ಮುಟ್ಟುತ್ತೇನೆ. ಎಸ್ಸೆಸ್ಸೆಲ್ಸಿ ಓದಿದವಳಿಗೆ ಇನ್ನೇನು ಗೊತ್ತಿರುತ್ತದೆ. ಜೂನ್ ತಿಂಗಳಿಗೆ ನನ್ನ ಪ್ರೊಬೇಷನ್ ಮುಗಿಯುತ್ತದೆ. ಸಾಹೇಬರು ಸರಿ ಎಂದು ಬರೆದರೆ ಕೆಲಸ ಗಟ್ಟಿ.

ಅತ್ತೆಗೆ ಹೇಳಿದೆ. ಅವರು ಹಿಟ್ಟಿನ ಕೈ ಎತ್ತಲಿಲ್ಲ. "ಗಂಡಸರ ನಡುವ ಜೀಪಿನಾಗ ಊರೂರು ತಿರುಗೋದು. ಏಣಿ ಹತ್ತೋದು. ನೋಡಿದವ್ರು ಏನಂದಾರು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹೋಗಬ್ಯಾಡ ಅಂದ್ರ ನಾಳಿ ಹಿಟ್ಟು ಎಲ್ಲಿಂದ ತರ್ಲಿ" ಎಂದು ತಾವೇ ಹೇಳಿಕೊಂಡರು.

ಮೊದಲ ಸ್ಥಳಕ್ಕೆ ಹೋಗುವುದು ಗುರುವಾರವಂತೆ.

೧೧ ಮೇ, ಗುರುವಾರ

ಇವತ್ತು ಮೊದಲ ಪಾಠ. ದೂರವೇನಿಲ್ಲ, ಕಂಟೋನ್ಮೆಂಟಿನಲ್ಲೇ, ಕಚೇರಿಯ ಹಿಂದಿನ ಹಳೆಯ ವಸತಿಗೃಹಗಳು. ಬ್ರಿಟಿಷರ ಕಾಲದ ದಪ್ಪ ಗೋಡೆಗಳು. ಸಾಹೇಬರು ಬೆರಳ ಗೆಣ್ಣಿನಿಂದ ಗಾರೆಯನ್ನು ತಟ್ಟಿ ತೋರಿಸಿದರು. ಗಟ್ಟಿ ಇದ್ದ ಕಡೆ ಒಂದು ಸದ್ದು, ಒಳಗೆ ಬಿಟ್ಟುಕೊಂಡ ಕಡೆ ಇನ್ನೊಂದು. ಮಾಗಿದ ಕಲ್ಲಂಗಡಿ ತಟ್ಟಿದ ಹಾಗೆ.

ಎಲ್ಲರಿಗೂ ಒಂದೊಂದು ದಬ್ಬಣ ಕೊಟ್ಟರು, ಗೋಣಿಚೀಲ ಹೊಲಿಯುವಂಥದ್ದು. ತೊಲೆಯ ಕೊನೆಗೆ ಚುಚ್ಚಬೇಕು. "ತೊಲೆ ನಡುವೆ ಕೆಡೋದು ಕಡಿಮೆ. ಗೋಡೆಯೊಳಗೆ ಕೂತಿರುತ್ತಲ್ಲ, ಆ ಕೊನೆ ಸಾಯುತ್ತೆ. ಕಣ್ಣಿಗೆ ಕಾಣದ ಕಡೆಯೇ ನೋಡಿ" ಎಂದರು.

ನಾನು ಎಲ್ಲರ ಹಿಂದೆ ನಿಂತಿದ್ದೆ. ಯಾರೂ ನೋಡದಾಗ ಒಮ್ಮೆ ಗೋಡೆ ತಟ್ಟಿದೆ. ಅವರಿದ್ದಿದ್ದರೆ ಇಂಥದ್ದು ಅವರಿಗೆ ಇಷ್ಟವಾಗುತ್ತಿತ್ತು. ರಸ್ತೆಯಲ್ಲಿ ಹೋಗುವಾಗಲೂ ಗಡಿಗೆ, ಬಾಗಿಲು, ಏನು ಕಂಡರೂ ಮುಟ್ಟಿ ನೋಡುವವರು.

೧೭ ಮೇ, ಬುಧವಾರ

ರಾತ್ರಿ ಎಂಟು. ಸಿರುಗುಪ್ಪಕ್ಕೆ ಹೋಗಿ ಬಂದು ಸ್ನಾನ ಮಾಡಿ ಕೂತಿದ್ದೇನೆ. ಇನ್ನೂ ಮೈಯೊಳಗೆ ಜೀಪು ಓಡುತ್ತಿದೆ.

ಜೀಪಿನಲ್ಲಿ ಸಾಹೇಬರು, ವೆಂಕಣ್ಣನವರು, ನಾನು ಮತ್ತು ಮೇಸ್ತ್ರಿ ಎರ್ರಣ್ಣ. ಎರ್ರಣ್ಣ ಈ ಕಚೇರಿಯಲ್ಲಿ ಎಲ್ಲರಿಗಿಂತ ಹಳಬ. ಅರ್ಧ ಮಾತು ತೆಲುಗು, ಅರ್ಧ ನಮ್ಮದು, ಬಾಯಿ ಮುಚ್ಚುವುದಿಲ್ಲ. ತೆಕ್ಕಲಕೋಟೆ ದಾಟುವ ತನಕ, ತಾನು ಮಾಡಿಸಿದ ಮಾಳಿಗೆ ಒಂದೂ ಸೋರಿಲ್ಲ ಎಂದು ಹೇಳುತ್ತಲೇ ಇದ್ದ. ಸಾಹೇಬರು, "ಸೋರಿಲ್ಲ ಸರಿ, ಬಿದ್ದಿವೆಯೋ?" ಎಂದರು. "ಬಿದ್ದ ಮ್ಯಾಲ ಸೋರೋ ಪ್ರಶ್ನಾನ ಇಲ್ಲಲ್ರಿ" ಎಂದ. ಸಾಹೇಬರೂ ನಕ್ಕರು.

ಅಲ್ಲಿಯ ಶಾಲೆಯ ಗೋಡೆಗಳು ಸೊಂಟದೆತ್ತರ ತೇವ ಹೀರಿಕೊಂಡಿದ್ದವು. ಸುತ್ತ ಭತ್ತದ ಗದ್ದೆ, ಕಾಲುವೆ ನೀರು. ಅಂಗೈ ಇಟ್ಟರೆ ತಣ್ಣಗೆ. ನಮ್ಮ ಕಾಗದದಲ್ಲಿ ಇದಕ್ಕೆ ಪ್ರತಿ ಸಲ 'ಸುಣ್ಣ ಬಳಿಸುವುದು' ಎಂದಿರುತ್ತದೆ. ಸುಣ್ಣ ಬಳಿದರೆ ತೇವ ಎಲ್ಲಿಗೆ ಹೋದೀತು. ಇದು ನನಗೆ ಅಂಗೈ ಇಟ್ಟಾಗ ಹೊಳೆಯಿತು, ಯಾರಿಗೂ ಹೇಳಲಿಲ್ಲ.

ಮಾಳಿಗೆ ಹತ್ತಲು ಬಿದಿರಿನ ಏಣಿ. ಗಂಡಸರೆಲ್ಲ ಹತ್ತಿದರು. ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತೆ. ವೆಂಕಣ್ಣನವರು ಇಳಿಯುವಾಗ ಒಂದು ಮೆಟ್ಟಲು ಲಟಕ್ಕೆಂದಿತು. "ಏ ತಂಗಿ, ಗಟ್ಟಿ ಹಿಡಕಾ, ನನ್ನ ಹೇಂತಿಗೂ ನೌಕರಿ ಕೊಡೋ ಪರಿಸ್ಥಿತಿ ತರಬ್ಯಾಡ" ಎಂದರು. ಹೇಳಿದ ಮೇಲೆ ಅವರಿಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಕೆಳಗೆ ಬಂದು ನನ್ನ ಮುಖ ನೋಡದೆ ಹೋಗಿ ಜೀಪಿನಲ್ಲಿ ಕೂತರು. ನನಗೆ ಸಿಟ್ಟು ಬರಲಿಲ್ಲ. ವೆಂಕಣ್ಣನವರೂ ನಮ್ಮ ಯಜಮಾನರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

೨೪ ಮೇ, ಬುಧವಾರ

ಸಂಜೆ ಆರೂವರೆ. ಇವತ್ತು ಕುರುಗೋಡು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ದವಾಖಾನೆಯ ಹಿಂದೆ ಸಿಬ್ಬಂದಿಯ ಮನೆಗಳು, ಕಲ್ಲು ಗೋಡೆ, ಮಣ್ಣಿನ ಮಾಳಿಗೆ. ಕೊನೆಯ ಮನೆಯಲ್ಲಿ ಆಯಾ ಜಂಬಮ್ಮ ಇರುತ್ತಾಳೆ. ಅವಳ ಮಗಳು ಊರಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಗಂಡು ಕೂಸು. ತೊಟ್ಟಿಲಿಗೆ ಹಾಕಿ ಇನ್ನೂ ವಾರವಾಗಿಲ್ಲವಂತೆ.

ಇವತ್ತು ಏಣಿ ಬೇಕಾಗಲಿಲ್ಲ, ಹೊರಗೆ ಕಲ್ಲಿನ ಮೆಟ್ಟಲಿತ್ತು. ಎಲ್ಲರ ಕೊನೆಗೆ ನಾನೂ ಹತ್ತಿದೆ. ಮಾಳಿಗೆಯ ಮೇಲೆ ಚೌಳು ಮಣ್ಣು, ಆ ಬೂದಿ ಬಣ್ಣದ ಉಪ್ಪು ಮಣ್ಣು. ಅದನ್ನು ಹಾಸಿದರೆ ನೀರು ಕೆಳಗಿಳಿಯುವುದಿಲ್ಲವೆಂದು ಈ ಕಡೆ ಎಲ್ಲರೂ ಮಳೆಗೆ ಮುಂಚೆ ಹಾಕಿಸುತ್ತಾರೆ, ನಮ್ಮ ಗಾಂಧಿನಗರದ ಓಣಿಯಲ್ಲೂ ಹಾಕಿಸುತ್ತಾರೆ. ಅಂಚಿನಲ್ಲಿ ಒಡೆದ ಕಡೆ ನೋಡಿದರೆ ಮಣ್ಣು ಮೊಳಕಾಲೆತ್ತರ ಇತ್ತು.

ಸಾಹೇಬರು, "ಹಳೇದನ್ನ ತೆಗೆದು ಹೊಸದು ಹಾಕ್ತೀರೇನಪ್ಪ?" ಎಂದು ಕೇಳಿದರು.

"ತಗಿಯಾದ್ಯಾಕ್ರೀ" ಎಂದ ಎರ್ರಣ್ಣ. "ಮ್ಯಾಲ ಹಾಕ್ಕೊಂತ ಹೋಗಾದು. ನಮ್ಮಪ್ಪ ಹಾಕ್ಯಾನ, ನಾ ಹಾಕೀನಿ. ಹನಿ ಇಳಿಯಂಗಿಲ್ಲ."

"ಇಷ್ಟೂ ಭಾರ ಹೊತ್ತಿರೋದು ಯಾರು?"

ಎರ್ರಣ್ಣ ಕಾಲಬೆರಳಿನಿಂದ ಮಣ್ಣು ಕೆದಕಿದ. ವೆಂಕಣ್ಣನವರು ಬೇರೆ ಕಡೆ ನೋಡಿದರು. ಪ್ರತಿ ವರ್ಷ ಇಲ್ಲಿಗೆ ಮಣ್ಣು ಹಾಕಿಸುವ ಕಾಗದ ನಮ್ಮಲ್ಲಿಂದಲೇ ಬರುತ್ತದೆ.

ಕೆಳಗಿಳಿದು ಮುಂದಿನ ಕೋಣೆಯ ತೊಲೆ ಚುಚ್ಚಿ ನೋಡಿದರು. ಗಟ್ಟಿಯಿತ್ತು. ಒಳಕೋಣೆ ಬಾಣಂತಿಯದು. ಬಾಗಿಲಿಗೆ ಸೀರೆ ಇಳಿಬಿಟ್ಟಿತ್ತು. ಜಂಬಮ್ಮ ಅಡ್ಡ ನಿಂತು, "ಗಂಡಸ್ರು ಬ್ಯಾಡ್ರಿ, ಬಾಣ್ತಿ ಅದಾಳ" ಎಂದಳು. ಸಾಹೇಬರು ನನ್ನ ಕಡೆ ತಿರುಗಿ, "ನೀವಿದ್ದೀರಲ್ಲಮ್ಮ, ಹೋಗಿ ನೋಡ್ಕೊಂಡು ಬನ್ನಿ" ಎಂದು ಬ್ಯಾಟರಿ ಕೈಗೆ ಕೊಟ್ಟರು.

ಅವರಿಗೆ ಗೊತ್ತಿಲ್ಲ. ಅವರ ಕಡೆ ಇದನ್ನು ಹೇಗೆ ನೋಡುತ್ತಾರೋ. ಜಂಬಮ್ಮ ನನ್ನ ಹಣೆ ನೋಡಿದಳು, ಬರೀ ವಿಭೂತಿ. ಕೈ ನೋಡಿದಳು. ಬೇಡ ಎನ್ನಲಿಲ್ಲ, ಸರ್ಕಾರದವರಿಗೆ ಹೇಗೆ ಬೇಡ ಎನ್ನುವುದು. ಬಾಗಿಲು ಬಿಟ್ಟು ಒಂದು ಕಡೆ ಸರಿದಳು, ಮುಖ ಮಾತ್ರ ಕಪ್ಪಿಟ್ಟಿತು.

ನಾನು ಸೀರೆ ಸರಿಸಿದೆ. ಕತ್ತಲೆ, ಹೊಗೆ, ಬೆಳ್ಳುಳ್ಳಿ ಓಮಿನ ವಾಸನೆ. ತೊಟ್ಟಿಲ ಹಗ್ಗ ಕಿರುಗುಟ್ಟುತ್ತಿತ್ತು. "ಯಾರವ್ವಾ?" ಎಂದು ಒಳಗಿನಿಂದ ಹುಡುಗಿ ಕೇಳಿದಳು. ಗಂಡ ಹೋದವಳು, ಹಡೆಯದವಳು, ಹಸುಗೂಸಿನ ಕೋಣೆಗೆ ಕಾಲಿಡುವುದೇ? ಹೊಸಿಲ ಮೇಲೆ ನನ್ನ ಕಾಲು ಏಳಲಿಲ್ಲ. ಬ್ಯಾಟರಿ ಹಾಕಲಿಲ್ಲ. ಸ್ವಲ್ಪ ಹೊತ್ತು ನಿಂತು ತಿರುಗಿ ಬಂದೆ.

ಎರ್ರಣ್ಣ, "ಗಟ್ಟಿ ಐತೇನಮ್ಮಾ?" ಎಂದು ಕೇಳಿದ. ನಾನು ತಲೆ ಆಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ತಿಳಿಯದು. ಅವನು ಸಾಹೇಬರಿಗೆ, "ಗಟ್ಟಿ ಐತಂತ್ರಿ" ಎಂದು ಕೂಗಿ ಹೇಳಿದ. ನಾನು ಅಲ್ಲ ಎನ್ನಲಿಲ್ಲ.

ದಾರಿಯುದ್ದಕ್ಕೂ ಅಲ್ಲ ಎನ್ನಲಿಲ್ಲ.

೨೫ ಮೇ, ಗುರುವಾರ

ನಿನ್ನೆಯ ವರದಿ ಟೈಪಾಗಿ ಬಂತು. ಎಲ್ಲ ಕೋಣೆ ಪರೀಕ್ಷಿಸಲಾಯಿತು, ಮೇಲಿನ ಮಣ್ಣನ್ನು ಮಳೆಗಾಲ ಕಳೆದ ಮೇಲೆ ಇಳಿಸುವುದು ಎಂದಿತ್ತು. ಸಹಿ ಮಾಡಿದೆ. ಊಟ ಸೇರಲಿಲ್ಲ.

೨೭ ಮೇ, ಶನಿವಾರ

ಆಂಧ್ರದ ಕಡೆಯಿಂದ ಮೋಡ ಏಳುತ್ತಿದೆ. ಬೆಟ್ಟದ ಮೇಲಿನ ಕೋಟೆ ಮಧ್ಯಾಹ್ನ ಮೂರಕ್ಕೇ ಕಪ್ಪಾಗಿ ಕಂಡಿತು. ಒಣ ಮಣ್ಣಿನ ಭಾರವೇ ಅಷ್ಟು, ನೀರು ಕುಡಿದರೆ ಎಷ್ಟಾಗುತ್ತದೆ?

ವೆಂಕಣ್ಣನವರನ್ನು ಕೇಳಿದೆ. ಕೇಳಿದ್ದು ಸುತ್ತಿ ಬಳಸಿ. ಒಂದು ಕೋಣೆ ಸರಿಯಾಗಿ ನೋಡಿರದಿದ್ದರೆ ಏನು ಮಾಡುವುದು ಎಂದೆ. ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ತಂಗಿ, ನಿನ್ನ ಪ್ರೊಬೇಷನ್ ಕಾಗದ ಸಾಹೇಬ್ರ ಮೇಜಿನ ಮ್ಯಾಲೈತಿ. ಈಗ ನೋಡಿಲ್ಲ ಅಂದ್ರ ಸುಳ್ಳು ಹೇಳಿದಂಗಾತು. ಆ ಮನಿ ನಮ್ಮಜ್ಜನ ಕಾಲದಿಂದ ನಿಂತೈತಿ, ಇದೊಂದು ಮಳಿಗಾಲ ನಿಲ್ಲಂಗಿಲ್ಲೇನು? ಸುಮ್ನಿರು."

ಒಳ್ಳೆಯದಕ್ಕೇ ಹೇಳಿದರು. ಸುಮ್ಮನಿರುವುದು ನನಗೆ ಯಾರೂ ಕಲಿಸಬೇಕಾಗಿಲ್ಲ.

೨೯ ಮೇ, ಸೋಮವಾರ

ಇವತ್ತು ಏನಾದರಾಗಲಿ ಸಾಹೇಬರಿಗೆ ಹೇಳಿಬಿಡಬೇಕೆಂದು ಬೆಳಗ್ಗೆ ಬೇಗ ಹೋದೆ. ಅವರು ಹೊಸಪೇಟೆಗೆ ಹೋಗಿದ್ದಾರೆ, ಬರುವುದು ಗುರುವಾರ. ನಿಜ ಹೇಳಬೇಕೆಂದರೆ ಮೊದಲು ಸಮಾಧಾನವಾಯಿತು, ಆಮೇಲೆ ಭಯವಾಯಿತು.

ಅತ್ತೆಗೆ ಎಲ್ಲವನ್ನೂ ಹೇಳಿದೆ. "ಹೊಸಿಲು ದಾಟಲಿಲ್ಲ, ಅದಽ ಛಲೋ ಆತು" ಎಂದರು. "ನಾಳೆ ಆ ಕೂಸಿಗೆ ಕೆಮ್ಮು ಬಂದ್ರೂ ನಿನ್ನ ಹೆಸರು ಹೇಳತಾರ. ಆ ಪಾಪ ಹೊತಗೊಬ್ಯಾಡ."

"ತೊಲಿ ಬಿದ್ರ?" ಎಂದೆ.

"ಬೀಳಾಕ ಇನ್ನೊಂದು ಹೊತ್ತಿಲ್ಲೇನು ಅದಕ್ಕ" ಎಂದರು. ಆದರೆ ಆಮೇಲೆ ನಮ್ಮ ಮಾಳಿಗೆಯ ಜಂತಿಗಳನ್ನೇ ನೋಡುತ್ತ ಕೂತರು.

೩೦ ಮೇ, ಮಂಗಳವಾರ

ನಾಲ್ಕು ಗಂಟೆಗೆ ಧೂಳು, ಐದಕ್ಕೆ ಮಳೆ. ದಪ್ಪ ದಪ್ಪ ಹನಿ. ಕಚೇರಿಯವರೆಲ್ಲ ವರಾಂಡಕ್ಕೆ ಬಂದು ತಂಪಾಯಿತು ಎಂದರು. ಕುರುಗೋಡಿನ ಕಡೆಯೂ ಇದೆಯೇ ಎಂದು ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನು ಕೇಳಿದೆ. "ಜೋರೈತ್ರಿ ಅಲ್ಲಿ" ಎಂದ. ಅವನ ಬೆನ್ನು ಪೂರ್ತಿ ತೊಯ್ದಿತ್ತು.

ನಾಳೆಗೆ ರಜೆ ಚೀಟಿ ಬರೆದು ಕೊಟ್ಟು ಬಂದೆ.

೩೧ ಮೇ, ಬುಧವಾರ

ಸಂಜೆ ಏಳು. ಕೈಕಾಲು ತೊಳೆದು ಕೂತಿದ್ದೇನೆ. ಉಗುರ ಸಂದಿಯಲ್ಲಿ ಇನ್ನೂ ಮಣ್ಣಿದೆ.

ಬೆಳಗಿನ ಬಸ್ಸಿಗೆ ಒಬ್ಬಳೇ ಹೋದೆ. ಅತ್ತೆ ಬಾಗಿಲಿಗೆ ಬರಲಿಲ್ಲ, ಬುತ್ತಿ ಮಾತ್ರ ಕಟ್ಟಿಟ್ಟಿದ್ದರು. ಕಿಟಕಿಯಾಚೆ ಕರಿ ಹೊಲದಲ್ಲೆಲ್ಲ ನೀರು ಹೊಳೆಯುತ್ತಿತ್ತು. ಊರು ಹತ್ತಿರವಾದಂತೆ ಆ ಮನೆ ನಿಂತಿದೆಯೋ ಇಲ್ಲವೋ ಎಂದು ಸೀಟಿನಿಂದ ಎದ್ದು ಬಾಗಿಲ ಹತ್ತಿರ ನಿಂತೆ. ನಿಂತಿತ್ತು. ಮಾಳಿಗೆಯಿಂದ ಹನಿ ಕೂಡ ಇಳಿದಿರಲಿಲ್ಲ. ನೀರೆಲ್ಲ ಮೇಲಿನ ಮಣ್ಣಿನಲ್ಲೇ ಕೂತಿತ್ತು.

ಜಂಬಮ್ಮ ಬಾಗಿಲಲ್ಲೇ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಮತ್ಯಾಕ ಬಂದ್ರಿ?"

"ಒಳಗಿನ ತೊಲಿ ನೋಡಬೇಕು."

"ಅವತ್ತು ನೋಡಿದ್ರೆಲ್ಲ. ಗಟ್ಟಿ ಐತಿ ಅಂದ್ರೆಲ್ಲ."

"ನಾ ನೋಡಿಲ್ಲಬೇ" ಎಂದೆ. "ಹೊಸಿಲ ಮ್ಯಾಲ ನಿಂತು ಬಂದೆ."

ಅವಳು ಪಾತ್ರೆಯ ಬೂದಿ ಕೈಯಲ್ಲೇ ಸೊಂಟಕ್ಕೆ ಕೈ ಇಟ್ಟಳು. "ನೋಡದಽ ಗಟ್ಟಿ ಐತಿ ಅಂದ್ರಿ? ಛಲೋ ನೌಕರಿ ನಿಮ್ದು. ನಾವು ಹಂಗಽ ಮುಟ್ಟದಽ ಹೆರಿಗಿ ಮಾಡಿಸಿದ್ರ ನಡೀತೈತೇನು?"

ಸರಿಯಾಗೇ ಕೇಳಿದಳು.

"ಈಗ ಬಿಡ್ರಿ, ನೋಡತೀನಿ."

"ಆಗಂಗಿಲ್ಲ. ತಪ್ಪು ತಿಳಕೊಬ್ಯಾಡ್ರಿ, ನೀವು ದೊಡ್ಡ ಮನಿಯವ್ರು ಇರಬಹುದು. ನನ್ನ ಮಗಳಿಗೆ ಮೊದಲನೇ ಕೂಸು. ಹಣಿ ಬರಿದಿದ್ದವ್ರನ್ನ ಒಳಗ ಬಿಟ್ರ ನಾಳಿ ಬೀಗರು ನನ್ನ ಕೇಳತಾರ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಹೋಗು ಎಂದಳು, ಹೋಗಲಿಲ್ಲ. ಅಷ್ಟು ಹೊತ್ತಿಗೆ ಒಳಗಿನಿಂದ ಊರಮ್ಮನ ದನಿ ಬಂತು.

"ಯವ್ವಾ, ಬಿಡಬೇ ಅವ್ರನ್ನ. ನಿನ್ನೆ ಮಳಿ ಬರಾಕತ್ತಿದಾಗಿಂದ ಕೂಸಿನ ಮ್ಯಾಲ ಮಣ್ಣು ಉದರಾಕತ್ತೈತಿ ಅಂದ್ರ ಇಲಿ, ಇಲಿ ಅಂತಿ. ಇಲಿ ಇಷ್ಟು ಮಣ್ಣು ತರತೈತೇನು? ಬರ್ರಿ ಅಕ್ಕಾರ, ನಾ ಕರದೀನಿ, ಬರ್ರಿ."

ಜಂಬಮ್ಮ ಏನೋ ಹೇಳಲು ಬಾಯಿ ತೆರೆದಳು. ನಾನು ಸೀರೆ ಸರಿಸಿ ಒಳಗೆ ಹೋದೆ.

ಬ್ಯಾಟರಿ ಹಾಕಿದೆ. ಊರಮ್ಮ ಇನ್ನೂ ಹುಡುಗಿ, ತಲೆಗೆ ಬಟ್ಟೆ ಬಿಗಿದು ಕಿವಿಗೆ ಹತ್ತಿ ಇಟ್ಟುಕೊಂಡು ಹೊರಸಿನ ಮೇಲೆ ಕೂತಿದ್ದಳು. ಕೂಸಿನ ಮುಖ ನಾನು ನೋಡಲಿಲ್ಲ, ನೋಡಬಾರದೆಂದು ಬ್ಯಾಟರಿಯ ಬೆಳಕು ಮೇಲೆಯೇ ಇಟ್ಟೆ. ತೊಟ್ಟಿಲ ಹಗ್ಗ ಆ ತೊಲೆಗೇ ಕಟ್ಟಿತ್ತು. ತೊಲೆ ನಡುವೆ ಒಳ್ಳೆ ಕಪ್ಪಗೆ ಹೊಳೆಯುತ್ತಿತ್ತು. ಹೊರಸಿನ ಮೇಲೆ ಡಬ್ಬ ಬೋರಲು ಹಾಕಿ ಹತ್ತಿದೆ. ಗೋಡೆಯ ಹತ್ತಿರ ದಬ್ಬಣ ಇಟ್ಟು ಒತ್ತಿದೆ.

ಒತ್ತಬೇಕಾಗಿರಲಿಲ್ಲ. ಬೆಣ್ಣೆಗೆ ಹೋದ ಹಾಗೆ ಬುಡದ ತನಕ ಹೋಯಿತು. ಹೊರಗೆ ಎಳೆದಾಗ ಹಿಂದೆಯೇ ಗೆದ್ದಲ ಮಣ್ಣು ಸುರಿದು ಮುಖದ ಮೇಲೆಲ್ಲ ಬಿತ್ತು. ಮೇಲೆ ಕೈ ಇಟ್ಟರೆ ಜಂತಿಯ ಹಲಗೆ ತಣ್ಣಗಿತ್ತು.

"ತೊಟ್ಟಿಲು ಬಿಚ್ರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಜಂಬಮ್ಮ ಬಾಗಿಲಿನಿಂದಲೇ ಆ ಸುರಿದ ಮಣ್ಣನ್ನು ನೋಡಿದಳು. ಆದರೂ ಬಾಣಂತಿಯನ್ನು ಗಾಳಿಗೆ ಹೊರಡಿಸಲು ಅವಳಿಗೆ ಮನಸ್ಸು ಬಾರದು. ತಿಂಗಳು ಆಗಿಲ್ಲ, ಥಂಡಿ ಹಿಡಿದರೆ ಏನು ಗತಿ, ಸಾಹೇಬರು ಬಂದು ನೋಡಲಿ ಆಮೇಲೆ ಎಂದಳು. ಸಾಹೇಬರು ಬರುವುದು ನಾಳೆ, ಮಳೆ ಇವತ್ತೇ ಬರುತ್ತದೆ ಎಂದೆ. ನನಗೆ ಅಷ್ಟು ಮಾತು ಎಲ್ಲಿಂದ ಬಂತೋ. ಅವಳು ಬೈದಳು, ನಾನು ಕೇಳಿಸಿಕೊಂಡೆ, ಮತ್ತೆ ಅದನ್ನೇ ಹೇಳಿದೆ. ಕೊನೆಗೆ ಊರಮ್ಮನೇ ಎದ್ದಳು. ಕಂಬಳಿ ಹೊದ್ದು, ದೃಷ್ಟಿ ತಾಗದಂತೆ ಕೈಯಲ್ಲಿ ಕುಡಗೋಲು ಹಿಡಿದು, ಓಣಿ ದಾಟಿ ಜಂಬಮ್ಮನ ಅಕ್ಕ ದೊಡ್ಡಬಸಮ್ಮನ ಮನೆಗೆ ನಡೆದಳು. ಕೂಸನ್ನು ಜಂಬಮ್ಮ ಸೆರಗಿನೊಳಗೆ ಮುಚ್ಚಿಕೊಂಡಳು, ನನಗೆ ಕಾಣದ ಹಾಗೆ.

ಹಾಸಿಗೆ, ಗಡಿಗೆ, ತೊಟ್ಟಿಲು ನಾನು ಹೊತ್ತು ಹಾಕಿದೆ. ಮಧ್ಯಾಹ್ನ ಬಸ್ಸು ಹತ್ತುವಾಗ ಹನಿ ಶುರುವಾಗಿತ್ತು.

೧ ಜೂನ್, ಗುರುವಾರ

ಸಾಹೇಬರಿಗೆ ಹೇಳಿದೆ. ಬಾಗಿಲಲ್ಲಿ ನಿಂತು, ಒಂದೇ ಉಸಿರಿಗೆ.

ಅವರು ಪೆನ್ನು ಕೆಳಗಿಟ್ಟರು. "ಹೋಗಲಿಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತಮ್ಮ ಅವತ್ತು?"

"ಮಾತು ಬರಲಿಲ್ರಿ."

"ಒಂದು ವಾರ?"

ಅವರು ಕೂಗಾಡಲಿಲ್ಲ, ಅದೇ ಕಷ್ಟವಾಯಿತು. "ಇದನ್ನ ನಾನು ಬರೀಲೇಬೇಕಾಗುತ್ತೆ" ಎಂದರು. ಬರೀರಿ ಎಂದೆ. ಎರ್ರಣ್ಣನನ್ನು ಕರೆದು ತೊಲೆಗೆ ಊರುಗೋಲು ಕೊಡಲು ಆಗಲೇ ಕಳಿಸಿದರು. ಮಣ್ಣು ಈಗಲೇ ಇಳಿಸುವ ಹುಕುಂ ಕೂಡ ಆಯಿತು. ಅದರ ಕಾಗದ ನನಗೇ ಬಂತು. ಪಕ್ಕದ ಖಾಲಿ ಕುರ್ಚಿ ಮೇಜಿಗೆ ಎಳೆದು ಕೂತು ಮಧ್ಯಾಹ್ನದೊಳಗೆ ಬರೆದು ಮುಗಿಸಿದೆ.

೩ ಜೂನ್, ಶನಿವಾರ

ಎರ್ರಣ್ಣ ಸುದ್ದಿ ತಂದ. ಕೂಸಿಗೆ ಜ್ವರ. ಹಾಲು ಕುಡಿಯುತ್ತಿಲ್ಲ. ಜಂಬಮ್ಮ ಓಣಿಯಲ್ಲೆಲ್ಲ ನನ್ನ ಹೆಸರು ಹೇಳುತ್ತಿದ್ದಾಳೆ.

೪ ಜೂನ್, ಭಾನುವಾರ

ಕಚೇರಿ ಇಲ್ಲ. ಮನೆಯ ಗೋಡೆಗಳು ನನ್ನನ್ನು ನೋಡುತ್ತಿವೆ.

ನಾನು ಕೂಸಿನ ಮುಖ ನೋಡಿಲ್ಲ. ನೋಡಿಲ್ಲ ಎಂದು ನೂರು ಸಲ ಹೇಳಿಕೊಂಡೆ. ಆದರೆ ಹಾಸಿಗೆ ಹೊತ್ತೆ, ತೊಟ್ಟಿಲು ಮುಟ್ಟಿದೆ. ಇಂಥದ್ದನ್ನೆಲ್ಲ ನಂಬುತ್ತೀಯಾ ಎಂದು ಅವರು ನಗುತ್ತಿದ್ದರು. ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ, ಭಯ ಮಾತ್ರ ಇದೆ.

ಅತ್ತೆಗೆ ಹೇಳಿರಲಿಲ್ಲ, ನೀರಿಗೆ ಹೋದಾಗ ಯಾರೋ ಹೇಳಿದರಂತೆ. ಬಂದು ಕೊಡ ಇಳಿಸಿದರು. ನಾನು ಹೇಳಿರಲಿಲ್ಲವೇ ಎನ್ನುತ್ತಾರೆಂದು ತಲೆ ತಗ್ಗಿಸಿ ಕೂತೆ. ಅವರು ನನ್ನ ಮುಂದೆ ಕೂತು, "ತೊಲಿ ಬಿದ್ದಿದ್ರ ಜ್ವರ ಬರಾಕ ಕೂಸು ಎಲ್ಲಿರತಿತ್ತು" ಎಂದರು. ಎದ್ದು ದೇವರ ಮುಂದೆ ದೀಪ ಹಚ್ಚಿ, ಆ ಕೂಸಿನ ಹೆಸರೇನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

೬ ಜೂನ್, ಮಂಗಳವಾರ

ಸಂಜೆ ಏಳೂವರೆ. ಕುರುಗೋಡಿನಲ್ಲಿ ಮಣ್ಣು ಇಳಿಸಲು ಶುರುಮಾಡಿದರು. ಸಾಹೇಬರ ಜೊತೆ ನಾನೂ ಹೋಗಿದ್ದೆ.

ಮಾಳಿಗೆಯ ಮೇಲೆ ನಿಂತು ನೋಡಿದೆ. ಸಲಿಕೆಯಲ್ಲಿ ಕಡಿದ ಕಡೆ ಮಣ್ಣು ಪದರ ಪದರವಾಗಿ ಕಂಡಿತು, ಒಂದೊಂದು ವರ್ಷಕ್ಕೆ ಒಂದೊಂದು ಪದರ, ಕೆಲವು ಬೂದಿ ಬಣ್ಣ, ಕೆಲವು ಬಿಳಿಚು. ಮೇಲಿನ ಎಷ್ಟೋ ಪದರ ನಮ್ಮ ಯಜಮಾನರು ಆ ಮೇಜಿನಿಂದ ಬರೆದು ಕಳಿಸಿದವು. ಅವರೂ ಬಂದು ನೋಡಿರಲಿಲ್ಲ. ನೋಡಿದ್ದಿದ್ದರೆ ಮುಟ್ಟುತ್ತಿದ್ದರು. ಮಣ್ಣು ತುಂಬಿದ ಪುಟ್ಟಿಗಳು ಕೆಳಗಿಳಿದು ಹೋಗುತ್ತಲೇ ಇದ್ದವು.

ಭಾರ ಇಳಿದ ಮೇಲೆ ಎರ್ರಣ್ಣ ಒಳಗೆ ಹೋಗಿ ತೊಲೆಯ ಕೊನೆಗೆ ಹಾರೆ ಕೊಟ್ಟ. ಅದು ಮುರಿಯಲಿಲ್ಲ, ಪುಡಿಯಾಯಿತು. ಮೊಳದುದ್ದ ಮರವೇ ಇರಲಿಲ್ಲ, ಗೆದ್ದಲ ಗೂಡಷ್ಟೇ ಇತ್ತು. ಅವನು ಹಾರೆ ಕೆಳಗಿಟ್ಟು ಆ ಪುಡಿಯನ್ನು ಅಂಗೈಗೆ ತೆಗೆದುಕೊಂಡ. "ಇಷ್ಟು ದಿನ ಯಾವುದರ ಮ್ಯಾಲ ಕುಂತಿತ್ತಮ್ಮಾ ಇದು?" ಎಂದು ನನ್ನನ್ನೇ ಕೇಳಿದ. ಆಮೇಲೆ ಸಾಹೇಬರಿಗೆ, "ಇನ್ನ ಮ್ಯಾಲ ಹಳೇ ಮಣ್ಣು ತಗದಽ ಹೊಸಾದು ಹಾಕ್ತೀನ್ರಿ" ಎಂದ. ಸಾಹೇಬರು ಹುಡುಗಿ ಮಲಗಿದ್ದ ಹೊರಸನ್ನೇ ನೋಡುತ್ತಿದ್ದರು.

ಕೂಸನ್ನು ಕೇಳಲು ಧೈರ್ಯವಿರಲಿಲ್ಲ. ದೊಡ್ಡಬಸಮ್ಮನ ಮನೆಯ ಬಾಗಿಲು ಮುಚ್ಚಿತ್ತು. ಮಧ್ಯಾಹ್ನದ ತನಕ ಆ ಬಾಗಿಲನ್ನೇ ನೋಡಿದೆ. ಊಟದ ಹೊತ್ತಿಗೆ ಒಳಗಿನಿಂದ ಕೂಸು ಅತ್ತಿತು. ಗಟ್ಟಿ ದನಿ, ಹಸಿದ ಅಳು, ಬೈಯುವ ಹಾಗಿತ್ತು. ಆಮೇಲೆ ಥಟ್ಟನೆ ನಿಂತಿತು, ಬಾಯಿಗೆ ಮೊಲೆ ಸಿಕ್ಕಿರಬೇಕು. ನಾನು ಬುತ್ತಿ ಬಿಚ್ಚಿ ಎರಡೂ ರೊಟ್ಟಿ ತಿಂದೆ.

ದವಾಖಾನೆಯ ಡಾಕ್ಟರು ಔಷಧ ಕೊಟ್ಟ ಮೇಲೆ ಭಾನುವಾರ ರಾತ್ರಿಯೇ ಜ್ವರ ಇಳಿದಿತ್ತಂತೆ. ಜಂಬಮ್ಮ ನನ್ನ ಪಕ್ಕದಿಂದಲೇ ಪುಟ್ಟಿ ಹೊತ್ತು ಎರಡು ಸಲ ಹಾದು ಹೋದಳು. ಮೂರನೆಯ ಸಲ ನೀರಿನ ತಂಬಿಗೆ ನನ್ನ ಪಕ್ಕ ಇಟ್ಟು ಹೋದಳು.

೧೭ ಜೂನ್, ಶನಿವಾರ

ಸಂಜೆ ಆರೂವರೆ. ಇವತ್ತು ಸಿರುಗುಪ್ಪದ ಶಾಲೆಗೆ ಸುಣ್ಣ ಬಳಿಸುವ ಕಾಗದ ಬಂದಿತ್ತು. ಅದನ್ನು ತಡೆದು, ಬುಡದ ತೇವಕ್ಕೆ ಮೊದಲು ಚರಂಡಿ ಆಗಬೇಕು ಎಂದು ಬರೆದು ಸಾಹೇಬರಿಗೆ ಕಳಿಸಿದೆ. ವೆಂಕಣ್ಣನವರು, "ತಂಗಿ, ನೀನು ಹಿಂಗಽ ಗ್ವಾಡಿ ಮುಟ್ಟಿಕೊಂತ ಹೋದ್ರ ನಮ್ಮ ಕಚೇರಿ ಗ್ವಾಡಿನೂ ಒಂದಿನ ಬೀಳಸ್ತಿ" ಎಂದರು. "ಆ ಮೂಲಿ ಹಂಗಽ ಐತ್ರಿ, ನಿಮ್ಮ ಕುರ್ಚಿ ಸ್ವಲ್ಪ ಈ ಕಡೆ ತಗೋರಿ" ಎಂದೆ. ಅವರು ನಿಜವಾಗಿಯೂ ಎದ್ದು ಕುರ್ಚಿ ಸರಿಸಿದರು.

ಸಾಹೇಬರು ಮಧ್ಯಾಹ್ನ ಕರೆದು ಹೇಳಿದರು. ನನ್ನ ಪ್ರೊಬೇಷನ್ ಆರು ತಿಂಗಳು ಮುಂದೆ ಹೋಗಿದೆ. ನೋಡದೆ ನೋಡಿದೆನೆಂದು ಸಹಿ ಮಾಡಿದ್ದಕ್ಕೆ. ಆಮೇಲೆ ಹೋಗಿ ನೋಡಿ ಹೇಳಿದ್ದನ್ನೂ ಬರೆದಿದ್ದಾರಂತೆ, ಅದಕ್ಕೇ ಕೆಲಸ ಉಳಿಯಿತಂತೆ. ಇನ್ನು ಮೇಲೆ ವಸತಿಗೃಹಗಳ ಒಳಕೋಣೆ ನೋಡುವುದು ನನ್ನ ಪಾಲಿಗೆ. ಆಗಲಿ ಎಂದೆ. ಅತ್ತೆಗೆ ಹೇಳಿದಾಗ, ಆರು ತಿಂಗಳು ಏನು, ಹಂಗೇ ಹೋಗುತ್ತದೆ ಎಂದರು. ಜೋಳ ತೀರುತ್ತ ಬಂದಿದೆ, ಸೋಮವಾರ ತರಬೇಕು.

ಸಂಜೆ ಹೊರಡುವಾಗ ಎರ್ರಣ್ಣ ಜಂಬಮ್ಮನ ಮಾತು ಹೊತ್ತು ತಂದ. ದೊಡ್ಡಬಸಮ್ಮನ ಮನೆಯ ಮಾಳಿಗೆಯೂ ಮಣ್ಣಿನದೇ, ಅದನ್ನೂ ಆ ಅಮ್ಮ ಬಂದು ನೋಡಬೇಕಂತೆ. ಬಾಣಂತಿ ಮಲಗುವ ಕೋಣೆಯನ್ನೇ ಮೊದಲು ನೋಡಬೇಕಂತೆ.

"ಅದು ಸರ್ಕಾರಿ ಮನಿ ಅಲ್ಲಲ್ಲ" ಎಂದೆ.

"ನಾನೂ ಅದಽ ಅಂದೆ" ಎಂದ ಎರ್ರಣ್ಣ. "ಕೂಸು ನಮ್ಮದು, ತೊಲಿ ಯಾರದಾದ್ರೇನು, ಕಳಸು ಅಂದ್ಲು. ನಾ ಬಂದು ಚುಚ್ಚಲೇನು ಅಂದ್ರ, ನೀ ಬ್ಯಾಡಪ್ಪ ಅಂದ್ಲು."

ನಾಳೆ ಭಾನುವಾರ, ಕಚೇರಿ ಇಲ್ಲ. ಕುರುಗೋಡಿನ ಬಸ್ಸು ಎಂಟು ಗಂಟೆಗೆ.